ಕಾಮಗಾರಿಯ ಜೊತೆ ನಡೆಯುವ ಎಚ್ಚರಿಕೆ

ಕೋಲಾರ ಜಿಲ್ಲೆಯ ಬಂಗಾರಪೇಟೆ–ಕೆಜಿಎಫ್ ಸುತ್ತಮುತ್ತ ಓಡಾಡುವವರಿಗೆ ಈ ನೋಟ ಹೊಸದಲ್ಲ. ರಸ್ತೆಯ ಒಂದು ಬದಿ ಅಗೆದಿರುತ್ತದೆ. ಕುಡಿಯುವ ನೀರಿನ ಪೈಪು, ಒಳಚರಂಡಿ, ಮೋರಿ ಅಗಲ ಮಾಡುವುದು, ಹೀಗೆ ಯಾವುದೋ ಒಂದು ಕೆಲಸ. ಹಗಲಿನಲ್ಲಿ ಜೆಸಿಬಿ, ಮಣ್ಣಿನ ರಾಶಿ, ತಲೆಗೆ ಟವೆಲ್ ಸುತ್ತಿಕೊಂಡು ಕೆಂಪು ಬಟ್ಟೆ ಬೀಸುವ ಹುಡುಗ, ಎಲ್ಲವೂ ದೂರದಿಂದಲೇ ಕಾಣುತ್ತವೆ. ಕತ್ತಲಾದ ಮೇಲೆ ಜೆಸಿಬಿ ಹೊರಟುಹೋಗುತ್ತದೆ, ಹುಡುಗನೂ ಹೋಗುತ್ತಾನೆ. ಗುಂಡಿ ಮಾತ್ರ ಅಲ್ಲೇ ಉಳಿಯುತ್ತದೆ. ಅದರ ಮುಂದೆ ನಾಲ್ಕು ಕಲ್ಲು, ಒಂದು ಮುಳ್ಳಿನ ಕೊಂಬೆ, ಹೆಚ್ಚೆಂದರೆ ಸುಣ್ಣ ಬಳಿದ ಟಾರಿನ ಡ್ರಮ್ಮು.

ಆ ಹೊತ್ತಿನಲ್ಲೇ ಇಲ್ಲಿನ ರಸ್ತೆಗಳ ಮೇಲೆ ಜನ ಹೆಚ್ಚು. 2001ರ ಫೆಬ್ರುವರಿ 28ರಂದು ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದ ಮೇಲೆ ಈ ಊರಿನ ಸಾವಿರಾರು ಜನರ ದುಡಿಮೆ ಬೆಂಗಳೂರಿಗೆ ಹೋಯಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಬೆಳಗಿನ ರೈಲು ಹಿಡಿಯಬೇಕಾದವರು ಬೆಳಕು ಹರಿಯುವ ಮೊದಲೇ ಬೈಕು, ಸ್ಕೂಟರು ಹೊರಡಿಸುತ್ತಾರೆ. ವಾಪಸು ಬರುವಾಗ ಮತ್ತೆ ಕತ್ತಲು. ಇವರ ಜೊತೆಗೆ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊತ್ತ ಲಾರಿಗಳು, ಜಲ್ಲಿ ತುಂಬಿದ ಟಿಪ್ಪರುಗಳು, ಹಾಲಿನ ವಾಹನಗಳು, ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರುಗಳು. ದಣಿದ ಕಣ್ಣಿಗೂ ತೆರೆದ ಗುಂಡಿಗೂ ನಡುವೆ ಇರುವುದು ಆ ಮುಳ್ಳಿನ ಕೊಂಬೆಯೊಂದೇ.

ಈ ಅಂತರವನ್ನು ತುಂಬಬಲ್ಲ ಒಂದು ಸರಳ ಸಾಧನದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅದು ಎತ್ತಿಕೊಂಡು ಹೋಗಬಹುದಾದ ರಂಬಲ್ ಸ್ಟ್ರಿಪ್, ಅಂದರೆ ವಾಹನ ಹಾದಾಗ ಗಡಗಡ ಎನ್ನುವ ಪಟ್ಟಿ. ಕೆಲಸ ಶುರುವಾಗುವ ಮುಂಚೆ ರಸ್ತೆಗೆ ಅಡ್ಡಲಾಗಿ ಹಾಸುವುದು, ಅಪಾಯ ಕಳೆದ ಮೇಲೆ ಎತ್ತಿ ಗಾಡಿಗೆ ಹಾಕಿಕೊಳ್ಳುವುದು. ಅದರ ಬೆಲೆ ಇರುವುದೂ ಈ ಎತ್ತಿ ಹಾಕುವ ಗುಣದಲ್ಲೇ ಎಂಬುದು ನನ್ನ ವಾದ. ಅಪಾಯ ಇದ್ದಾಗ ಇರುವ, ಇಲ್ಲದಾಗ ಇಲ್ಲದ ಎಚ್ಚರಿಕೆಯನ್ನು ಮಾತ್ರ ಜನ ನಂಬುತ್ತಾರೆ.

ಮೊದಲು ಲೆಕ್ಕ ನೋಡೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಮುಂದೆ ಹೋಗುತ್ತದೆ. ಮುಂದೆ ಏನೋ ಇದೆ ಎಂದು ಕಣ್ಣು ಕಂಡು, ತಲೆ ಅರ್ಥ ಮಾಡಿಕೊಂಡು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಸುಮಾರು ಎರಡೂವರೆ ಸೆಕೆಂಡು ಕಳೆಯುತ್ತದೆ ಎಂದು ರಸ್ತೆ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಅಂದರೆ ಬ್ರೇಕು ಹಿಡಿಯುವ ಮೊದಲೇ 55 ಮೀಟರ್ ಮುಗಿಯಿತು. ದೇಶದ ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 80 ಕಿ.ಮೀ. ವೇಗಕ್ಕೆ ವಾಹನ ನಿಲ್ಲಲು ಬೇಕಾದ ನೋಟದ ದೂರವನ್ನು 120 ಮೀಟರ್ ಎಂದೂ, 100 ಕಿ.ಮೀ. ವೇಗಕ್ಕೆ 180 ಮೀಟರ್ ಎಂದೂ ಇಟ್ಟಿದೆ. ಎದುರಿನಿಂದ ವಾಹನ ಬರುತ್ತಿದೆಯೆಂದು ಡಿಮ್ ಮಾಡಿದ ಹೆಡ್‌ಲೈಟಿನಲ್ಲಿ ಸ್ಪಷ್ಟವಾಗಿ ಕಾಣುವುದು ಐವತ್ತು ಅರವತ್ತು ಮೀಟರ್ ಅಷ್ಟೆ. ಧೂಳು, ಮಂಜು, ಎದುರಿನ ಲಾರಿಯ ಕಣ್ಣು ಕುಕ್ಕುವ ಬೆಳಕು ಸೇರಿದರೆ ಅದೂ ಇಲ್ಲ. ಗುಂಡಿಯ ಬಾಯಿಗೆ ಇಟ್ಟ ಕಲ್ಲು ಕಾಣಿಸುವ ಹೊತ್ತಿಗೆ ನಿಲ್ಲುವ ಕಾಲ ಮೀರಿಹೋಗಿರುತ್ತದೆ. ಹಾಗಾಗಿ ಎಚ್ಚರಿಕೆ ಗುಂಡಿಯಿಂದ ಬಹಳ ಮುಂಚೆ ಸಿಗಬೇಕು. ಕಣ್ಣೊಂದನ್ನೇ ನೆಚ್ಚಿಕೊಳ್ಳದ ಎಚ್ಚರಿಕೆ ಅದಾಗಿರಬೇಕು.

ರಂಬಲ್ ಸ್ಟ್ರಿಪ್ ಮಾತನಾಡುವುದು ಚಕ್ರದ ಜೊತೆ. ಅದರ ಮೇಲೆ ಹಾದ ತಕ್ಷಣ ಟೈರಿನ ಕೆಳಗೆ ಗಡಗಡ ಸದ್ದು, ಸ್ಟಿಯರಿಂಗ್ ಹಿಡಿದ ಕೈಯಲ್ಲಿ ನಡುಕ, ಸೀಟಿನಲ್ಲಿ ಕುಲುಕು. ಮೊಬೈಲ್ ನೋಡುತ್ತಿದ್ದವನಿಗೂ ತೂಕಡಿಸುತ್ತಿದ್ದವನಿಗೂ ಅದು ತಲುಪುತ್ತದೆ. ನಮಗೆ ಪರಿಚಯವಿರುವ ರಸ್ತೆ ಹಂಪಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಹಳೆಯ ಮಾದರಿಯ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅದನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲೆಂದು ರೂಪಿಸಿದ್ದು. ಹಂಪು ವಾಹನವನ್ನು ಬಲವಂತವಾಗಿ ನಿಧಾನಿಸುತ್ತದೆ. ವೇಗದ ರಸ್ತೆಯಲ್ಲಿ, ಗೊತ್ತಿಲ್ಲದ ಕಡೆ ಅದು ಸಿಕ್ಕರೆ ಬೈಕಿನವನು ಎಗರಿ ಬೀಳುತ್ತಾನೆ, ಲಾರಿಯ ಆಕ್ಸೆಲ್ ಮುರಿಯುತ್ತದೆ. ರಂಬಲ್ ಸ್ಟ್ರಿಪ್ಪಿನ ಎತ್ತರ ಹೆಚ್ಚೆಂದರೆ ಸುಮಾರು 2 ಸೆಂ.ಮೀ. ಬಂದ ವೇಗದಲ್ಲೇ ಅದರ ಮೇಲೆ ಹಾದರೂ ವಾಹನ ಹಿಡಿತ ತಪ್ಪಬಾರದು, ಆದರೆ ಚಾಲಕ ಎಚ್ಚರಗೊಳ್ಳಲೇಬೇಕು ಎಂಬ ಲೆಕ್ಕದಲ್ಲಿ ಅದನ್ನು ಮಾಡಿರುತ್ತಾರೆ. ನಿಧಾನಿಸುವ ತೀರ್ಮಾನ ಚಾಲಕನದೇ, ಅದಕ್ಕೆ ಬೇಕಾದ ಸಮಯವನ್ನು ಪಟ್ಟಿ ಕೊಡುತ್ತದೆ.

ಕಣ್ಣಿಗೆ ಕಾಣದ್ದನ್ನು ಸದ್ದು ತಿಳಿಸುತ್ತದೆ ಎಂಬ ಮಾತನ್ನು ಗಣಿಯ ಊರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಮೇಲೆ ವೈಂಡಿಂಗ್ ಎಂಜಿನ್ ನಡೆಸುವವನಿಗೆ ಶಾಫ್ಟಿನೊಳಗಿನ ಕೇಜ್ ಕಾಣುತ್ತಿರಲಿಲ್ಲ. ಜನರನ್ನು ಇಳಿಸುವುದು, ಏರಿಸುವುದು, ನಿಲ್ಲಿಸುವುದು, ಎಲ್ಲವೂ ಗಂಟೆಯ ಸಂಕೇತದ ಮೇಲೆಯೇ. ಎಷ್ಟು ಬಾರಿ ಬಾರಿಸಿದರೆ ಏನು ಎಂಬುದು ನಿಯಮದಲ್ಲಿ ಗೊತ್ತುಮಾಡಿದ್ದ ಸಂಗತಿ. ಯಾರೂ ಸುಮ್ಮನೆ ಬಾರಿಸುವಂತಿರಲಿಲ್ಲ, ಬಾರಿಸಬೇಕಾದಾಗ ಮರೆಯುವಂತೆಯೂ ಇರಲಿಲ್ಲ. ಕಣ್ಣು ತಲುಪದ ಕಡೆ ಕಿವಿಯನ್ನು ನಂಬಿ ಸಾವಿರಾರು ಜನ ದಿನವೂ ನೆಲದೊಳಗೆ ಹೋಗಿ ಬಂದರು. ಆ ನಂಬಿಕೆ ನಿಂತಿದ್ದು ಸಂಕೇತ ಸುಳ್ಳಾಡದು ಎಂಬ ಭರವಸೆಯ ಮೇಲೆ.

ನಮ್ಮ ರಸ್ತೆಗಳಲ್ಲಿ ಕಳೆದುಹೋಗಿರುವುದು ಈ ಭರವಸೆಯೇ. ಕೆಲಸ ಮುಗಿದು ಆರು ತಿಂಗಳಾದರೂ ‘ಕಾಮಗಾರಿ ನಡೆಯುತ್ತಿದೆ, ನಿಧಾನವಾಗಿ ಚಲಿಸಿ’ ಎಂಬ ಫಲಕ ನಿಂತೇ ಇರುತ್ತದೆ. ನಿಜವಾಗಿ ಅಗೆದಿರುವ ಕಡೆ ಫಲಕವೇ ಇರುವುದಿಲ್ಲ. ಡೈವರ್ಷನ್ ಎಂದು ತಾತ್ಕಾಲಿಕವಾಗಿ ಹಾಕಿದ ಮಣ್ಣಿನ ದಿಬ್ಬ ಕಾಮಗಾರಿ ಹೋದ ಮೇಲೂ ಗಟ್ಟಿಯಾಗಿ ಕೂತಿರುತ್ತದೆ. ದಪ್ಪ ಬಣ್ಣದಲ್ಲಿ ಬಳಿದ ಪಟ್ಟಿಗಳು ಸವೆದು ಅರ್ಧ ಉಳಿದು, ಯಾವ ಅಪಾಯವನ್ನೂ ಸೂಚಿಸದೆ ದಿನವೂ ಸೊಂಟ ಕುಲುಕುತ್ತವೆ. ಹತ್ತು ಸಲ ನಿಧಾನಿಸಿ ಏನೂ ಕಾಣದ ಚಾಲಕ ಹನ್ನೊಂದನೆಯ ಸಲ ನಿಧಾನಿಸುವುದಿಲ್ಲ. ಅವನನ್ನು ಅಶಿಸ್ತಿನವನು ಎಂದು ಬಯ್ಯುವುದು ಸುಲಭ. ಅಪನಂಬಿಕೆಯನ್ನು ಕಲಿಸಿದ್ದು ಮಾತ್ರ ರಸ್ತೆಯೇ.

ಎತ್ತಿಕೊಂಡು ಹೋಗುವ ಪಟ್ಟಿ ಉಪಯೋಗಕ್ಕೆ ಬರುವುದು ಇಲ್ಲಿ. ಈಗ ಹೊರದೇಶಗಳಲ್ಲಿ ಬಳಕೆಯಲ್ಲಿರುವ ಒಂದು ಸಾಮಾನ್ಯ ಮಾದರಿಯನ್ನು ನೋಡಿ. ಒಂದು ಪಟ್ಟಿ ಸುಮಾರು 3.3 ಮೀಟರ್ ಉದ್ದ, 30 ಸೆಂ.ಮೀ. ಅಗಲ, ತೂಕ ಸುಮಾರು 50 ಕೆ.ಜಿ. ಗಟ್ಟಿ ಪಾಲಿಮರಿನಿಂದ ಮಾಡಿದ್ದು. ಅಂಚುಗಳು ಇಳಿಜಾರಾಗಿರುತ್ತವೆ, ಮೇಲೆ ಜಾರದಂತೆ ಗೀರುಗಳಿರುತ್ತವೆ. ಅದಕ್ಕೆ ಮೊಳೆ ಬೇಡ, ಅಂಟು ಬೇಡ. ತನ್ನ ತೂಕದಿಂದಲೇ ರಸ್ತೆಯ ಮೇಲೆ ಕೂರುತ್ತದೆ. ಇಬ್ಬರು ಸೇರಿ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಹಾಸಬಹುದು. ಸಾಮಾನ್ಯವಾಗಿ ಮೂರು ಪಟ್ಟಿಗಳನ್ನು ಒಂದು ಗುಂಪಾಗಿ ಹಾಸುತ್ತಾರೆ. ಪಟ್ಟಿಗಳ ನಡುವಿನ ಅಂತರ ನಿಧಾನದ ರಸ್ತೆಯಲ್ಲಿ 3 ಮೀಟರ್, ವೇಗದ ರಸ್ತೆಯಲ್ಲಿ 6 ಮೀಟರಿನವರೆಗೆ. 80 ಕಿ.ಮೀ. ವೇಗದಲ್ಲಿ 6 ಮೀಟರ್ ದಾಟಲು ಕಾಲು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಸಾಕು. ಹಾಗಾಗಿ ಮುಂದಿನ ಚಕ್ರ, ಹಿಂದಿನ ಚಕ್ರ ಸೇರಿ ಆರು ಬಡಿತ ಒಂದರ ಹಿಂದೆ ಒಂದು ಬೀಳುತ್ತವೆ. ಒಂದೇ ಬಡಿತವಾದರೆ ಗುಂಡಿಯೆಂದು ಚಾಲಕ ಮರೆತುಬಿಡಬಹುದು. ಲಯಬದ್ಧವಾಗಿ ಬಂದ ಆರು ಬಡಿತವನ್ನು ಯಾರೂ ಗುಂಡಿಯೆಂದು ತಿಳಿಯುವುದಿಲ್ಲ.

ಇದು ಒಂದೇ ದಿನದಲ್ಲಿ ಸಿದ್ಧವಾದ ವಸ್ತುವಲ್ಲ. 1980ರ ದಶಕದ ಕೊನೆಯಲ್ಲಿ ಅಮೆರಿಕ ಹೆದ್ದಾರಿಗಳ ಬಗ್ಗೆ ದೊಡ್ಡದೊಂದು ಸಂಶೋಧನಾ ಕಾರ್ಯಕ್ರಮ ಹಮ್ಮಿಕೊಂಡಾಗ, ರಸ್ತೆ ಕೆಲಸಗಾರರ ರಕ್ಷಣೆಗೆಂದು ರೂಪಿಸಿದ ಸಾಧನಗಳಲ್ಲಿ ರಬ್ಬರಿನ ಒಯ್ಯಬಲ್ಲ ಪಟ್ಟಿಯೂ ಒಂದು. ಮೊದಲಿನವು ಹಗುರವಾಗಿದ್ದವು, ಭಾರಿ ಲಾರಿಗಳ ಚಕ್ರಕ್ಕೆ ಸರಿದುಹೋಗುತ್ತಿದ್ದವು. ಅಂಟಿಸುವ ಪಟ್ಟಿಗಳು ಬಂದವು, ಆದರೆ ಒಂದು ದಿನದ ಕೆಲಸಕ್ಕೆ ಅಂಟಿಸಿ ಕೀಳುವುದು ದಂಡದ ಕೆಲಸವಾಯಿತು. ತೂಕ ಹೆಚ್ಚಿಸಿ, ಅಂಚು ತಿದ್ದಿ, ತನ್ನಷ್ಟಕ್ಕೆ ಕೂರುವ ಪಟ್ಟಿಗಳು ಬಂದ ಮೇಲೆಯೇ ಹಲವು ರಾಜ್ಯಗಳ ರಸ್ತೆ ಇಲಾಖೆಗಳು ಅದನ್ನು ತಮ್ಮ ನಿಯಮಕ್ಕೆ ಸೇರಿಸಿಕೊಂಡವು. ಅಮೆರಿಕದಲ್ಲಿ ರಸ್ತೆ ಕಾಮಗಾರಿಯ ಜಾಗಗಳಲ್ಲಿ ವರ್ಷಕ್ಕೆ ಎಂಟುನೂರಕ್ಕೂ ಹೆಚ್ಚು ಜನ ಸಾಯುತ್ತಾರೆ. ಅಲ್ಲಿ ಹೆಚ್ಚಾಗಿ ಆಗುವುದು ಹಿಂದಿನಿಂದ ಬಂದು ಗುದ್ದುವ ಅಪಘಾತ. ಮುಂದೆ ವಾಹನಗಳು ಸಾಲುಗಟ್ಟಿ ನಿಂತಿರುವುದನ್ನು ಗಮನಿಸದೆ ಲಾರಿಯೊಂದು ಬಂದು ಬಡಿಯುತ್ತದೆ. ಟೆಕ್ಸಾಸ್ ರಾಜ್ಯದಲ್ಲಿ ಐ–35 ಹೆದ್ದಾರಿಯನ್ನು ಅಗಲ ಮಾಡುವಾಗ, ರಾತ್ರಿ ಕೆಲಸದ ಹೊತ್ತಿನಲ್ಲಿ ಸಾಲಿನ ತುದಿಯನ್ನು ತಿಳಿಸುವ ಫಲಕಗಳ ಜೊತೆಗೆ ಈ ಪಟ್ಟಿಗಳನ್ನೂ ಹಾಸಿದರು. ಅಪಘಾತಗಳು ಗಣನೀಯವಾಗಿ ಕಡಿಮೆಯಾದವು. ಎರಡೂ ಸೇರಿ ಕೊಟ್ಟ ಫಲ ಅದು ಎಂಬುದನ್ನು ಮರೆಯಬಾರದು. ಪಟ್ಟಿ ಎಚ್ಚರಿಸಿದ ಮೇಲೆ ಏನು ಮಾಡಬೇಕೆಂದು ಹೇಳುವ ಫಲಕ ಇರಲೇಬೇಕು.

ನಮ್ಮ ದೇಶದ ಪರಿಸ್ಥಿತಿ ಇದಕ್ಕಿಂತ ಕಠಿಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಹತ್ತು ಸಾವುಗಳಲ್ಲಿ ಏಳಕ್ಕೆ ಅತಿವೇಗ ಕಾರಣವೆಂದು ದಾಖಲಾಗಿದೆ. ಆ ವೇಗ ಈಗ ನಮ್ಮ ಊರಿನ ಬಾಗಿಲಿಗೆ ಬಂದಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಗೆ 2022ರ ಮೇ 26ರಂದು ಶಂಕುಸ್ಥಾಪನೆಯಾಯಿತು. ಸುಮಾರು 260 ಕಿ.ಮೀ. ಉದ್ದದ ಈ ದಾರಿಯಲ್ಲಿ ಕರ್ನಾಟಕದ ಪಾಲು ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಹಾದು ಬೇತಮಂಗಲದವರೆಗೆ ಸುಮಾರು 71 ಕಿ.ಮೀ. 2024ರ ಕೊನೆಗೆ ಈ ಭಾಗದಲ್ಲಿ ವಾಹನಗಳು ಓಡತೊಡಗಿದವು. ಆಂಧ್ರ, ತಮಿಳುನಾಡಿನ ಭಾಗಗಳಲ್ಲಿ ಆಗಿನ್ನೂ ಕೆಲಸ ನಡೆಯುತ್ತಿತ್ತು. ಗಂಟೆಗೆ 120 ಕಿ.ಮೀ. ವೇಗಕ್ಕೆಂದು ಕಟ್ಟಿದ ರಸ್ತೆಯಿಂದ ಇಳಿದ ಕಾರುಗಳು ನೇರವಾಗಿ ಬೇತಮಂಗಲ, ಕೆಜಿಎಫ್, ವಿ.ಕೋಟೆ ಕಡೆಯ ಎರಡು ಪಥದ ರಸ್ತೆಗೆ ಬಂದು ಸೇರುವ ಸ್ಥಿತಿ ಹೀಗೆ ಹುಟ್ಟಿಕೊಂಡಿತು.

ಇಲ್ಲಿ ಮನುಷ್ಯನ ಸ್ವಭಾವದ ಒಂದು ತೊಡಕಿದೆ. ಅರ್ಧ ಗಂಟೆ ವೇಗವಾಗಿ ಓಡಿಸಿದವನಿಗೆ ಆ ವೇಗ ಒಗ್ಗಿಬಿಡುತ್ತದೆ. ಆಮೇಲೆ 70ರಲ್ಲಿ ಹೋಗುತ್ತಿದ್ದರೂ ಅವನಿಗೆ 40ರಂತೆ ಅನಿಸುತ್ತದೆ. ಅವನ ಎದುರಿಗೆ ಊರು ಬರುತ್ತದೆ, ಎಮ್ಮೆ ಬರುತ್ತದೆ, ರಸ್ತೆ ಅಗೆದ ಜಾಗ ಬರುತ್ತದೆ. ಫಲಕ ಓದಿದರೂ ಮೈ ಅದನ್ನು ಒಪ್ಪುವುದಿಲ್ಲ. ಹೀಗೆ ಒಗ್ಗಿದ ಮೈಯನ್ನು ಒಮ್ಮೆ ಅಲುಗಿಸಿ ಎಬ್ಬಿಸಲು ಚಕ್ರದ ಕೆಳಗಿನ ಬಡಿತಕ್ಕಿಂತ ಒಳ್ಳೆಯ ಉಪಾಯ ಕಡಿಮೆ. ಎಕ್ಸ್‌ಪ್ರೆಸ್‌ವೇ ಇಳಿಯುವ ಕಡೆ, ಅದಕ್ಕೆ ಹೊಂದಿಕೊಂಡ ರಸ್ತೆಗಳ ಅಗಲೀಕರಣ ನಡೆಯುವ ಕಡೆ ಒಯ್ಯಬಲ್ಲ ಪಟ್ಟಿಗಳು ಮೊದಲು ಬರಬೇಕು.

ಹಾಗೆಂದು ಹೊರದೇಶದ ಚಿತ್ರ ನೋಡಿ ಇಲ್ಲಿ ಹಾಗೇ ಹಾಸಿದರೆ ಸಾಲದು. ನಮ್ಮ ರಸ್ತೆಯ ಗುಣ ಬೇರೆ. ಪಟ್ಟಿ ರಸ್ತೆಯ ಪೂರ್ತಿ ಅಗಲಕ್ಕೆ ಇಲ್ಲದಿದ್ದರೆ ಬೈಕಿನವರು, ಆಟೋದವರು ಅಂಚಿನ ಮಣ್ಣಿಗೆ ಇಳಿದು ಸುತ್ತಿಹೋಗುತ್ತಾರೆ. ಕೆಲವರು ಬಲಕ್ಕೆ ಎಳೆದು ಎದುರು ಬರುವ ವಾಹನದ ಮುಂದೆ ಹೋಗುತ್ತಾರೆ. ಎಚ್ಚರಿಸಬೇಕಾದ ಪಟ್ಟಿಯೇ ಆಗ ಅಪಘಾತಕ್ಕೆ ಕಾರಣವಾದೀತು. ಹಾಗಾಗಿ ರಸ್ತೆಯ ನಡುಗೆರೆಯ ಮೇಲೂ ಅಂಚಿನಲ್ಲೂ ಕೋನುಗಳ ಸಾಲು ಇರಬೇಕು. ತಿರುವಿನಲ್ಲಿ, ಕಡಿದಾದ ಇಳಿಜಾರಿನಲ್ಲಿ, ಜನ ರಸ್ತೆ ದಾಟುವ ಜಾಗದಲ್ಲಿ ಹಾಸಲೇಬಾರದು. ವಾಲಿಕೊಂಡು ತಿರುಗುತ್ತಿರುವ ಬೈಕಿನ ಚಕ್ರಕ್ಕೆ, ಅದರಲ್ಲೂ ಮಳೆ ಬಿದ್ದಾಗ, ಎರಡು ಸೆಂಟಿಮೀಟರ್ ಎತ್ತರವೂ ಅಪಾಯ. ಪಟ್ಟಿಗಿಂತ ಮುಂಚೆ ‘ಮುಂದೆ ರಂಬಲ್ ಸ್ಟ್ರಿಪ್ ಇದೆ’ ಎಂಬ ಫಲಕ ಬೇಕು. ಮಣ್ಣು, ಜಲ್ಲಿಪುಡಿ ತುಂಬಿದ ರಸ್ತೆಯ ಮೇಲೆ ಹಾಸಿದರೆ ಪಟ್ಟಿ ಸರಿಯುತ್ತದೆ. ಆದ್ದರಿಂದ ಮೊದಲು ಗುಡಿಸಬೇಕು, ಗಂಟೆಗಂಟೆಗೂ ಒಬ್ಬರು ಹೋಗಿ ನೇರವಾಗಿದೆಯೇ ಎಂದು ನೋಡಬೇಕು. ಮನೆಗಳು ಅಂಟಿಕೊಂಡಿರುವ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಯಂಥ ಬೀದಿಗಳಿಗೆ ಇದು ಬೇಡ. ಅಲ್ಲಿ ವೇಗವೂ ಕಡಿಮೆ, ರಾತ್ರಿಯಿಡೀ ಗಡಗಡ ಕೇಳಿ ಮಲಗುವವರ ಕಷ್ಟವೂ ದೊಡ್ಡದು. ಇದರ ಜಾಗ ಊರಿನ ಹೊರಗಿನ ವೇಗದ ರಸ್ತೆ.

ಪಟ್ಟಿಯೊಂದೇ ಯಾರನ್ನೂ ಕಾಪಾಡದು ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ರಸ್ತೆ ಕಾಮಗಾರಿ ನಡೆಯುವಾಗ ಸಂಚಾರವನ್ನು ಹೇಗೆ ನಿಭಾಯಿಸಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ ಇದೆ, ಹೆಸರು ಐಆರ್‌ಸಿ ಎಸ್‌ಪಿ 55. ಅದು ಕಾಮಗಾರಿಯ ಜಾಗವನ್ನು ನಾಲ್ಕು ಭಾಗ ಮಾಡುತ್ತದೆ. ಮೊದಲು ಮುನ್ನೆಚ್ಚರಿಕೆಯ ಭಾಗ, ಆಮೇಲೆ ವಾಹನಗಳು ಪಥ ಬದಲಿಸುವ ಭಾಗ, ನಂತರ ಕೆಲಸ ನಡೆಯುವ ಭಾಗ, ಕೊನೆಗೆ ಮತ್ತೆ ಮಾಮೂಲಿ ಪಥಕ್ಕೆ ಸೇರುವ ಭಾಗ. ನಮ್ಮ ಕಡೆ ಕಾಣುವ ಬಹುತೇಕ ಕಾಮಗಾರಿಗಳಲ್ಲಿ ಮೂರನೆಯ ಭಾಗವೊಂದೇ ಇರುತ್ತದೆ. ಚಾಲಕ ನೇರವಾಗಿ ಗುಂಡಿಗೇ ಬರುತ್ತಾನೆ. ಒಯ್ಯಬಲ್ಲ ಪಟ್ಟಿಯ ಜಾಗ ಮೊದಲನೆಯ ಭಾಗ. ಫಲಕ ದಾಟಿದ ಮೇಲೆ, ಪಥ ಬದಲಿಸುವ ಮುಂಚೆ. ಫಲಕ, ಕೋನು, ಮಿನುಗುವ ದೀಪ, ಬಾವುಟ ಹಿಡಿದ ತರಬೇತಾದ ವ್ಯಕ್ತಿ ಇವೆಲ್ಲ ಇದ್ದಾಗ ಪಟ್ಟಿ ಅವುಗಳ ಬಲ ಹೆಚ್ಚಿಸುತ್ತದೆ. ಅವು ಯಾವುವೂ ಇಲ್ಲದ ಕಡೆ ಬರೀ ಪಟ್ಟಿ ಹಾಸಿದರೆ ಚಾಲಕ ಬೆಚ್ಚಿಬೀಳುತ್ತಾನೆ, ಅಷ್ಟೆ.

ಬಾವುಟ ಹಿಡಿದವನ, ಅವನ ಹಿಂದೆ ದುಡಿಯುವವರ ಬಗ್ಗೆಯೂ ಯೋಚಿಸಬೇಕು. ಉತ್ತರ ಕರ್ನಾಟಕದಿಂದ, ಆಂಧ್ರದಿಂದ, ಬಿಹಾರದಿಂದ ಬಂದು ಟಾರಿನ ಬಿಸಿಯಲ್ಲಿ ದುಡಿಯುವ ಕೂಲಿಯವರು ವಾಹನಗಳಿಗೆ ಬೆನ್ನು ಹಾಕಿ ಬಗ್ಗಿ ಕೆಲಸ ಮಾಡುತ್ತಾರೆ. ತಮ್ಮ ಕಡೆಗೆ ಬರುತ್ತಿರುವ ಲಾರಿ ಅವರಿಗೆ ಕಾಣುವುದಿಲ್ಲ. ಮುಂದೆ ಹಾಸಿದ ಪಟ್ಟಿಯ ಮೇಲೆ ವಾಹನ ಹಾದಾಗ ಆಗುವ ಸದ್ದು ಅವರಿಗೂ ಕೇಳಿಸುತ್ತದೆ. ಗಾಡಿ ನಿಧಾನಿಸದೆ ಬರುತ್ತಿದೆಯೆಂದು ತಿಳಿದು ಪಕ್ಕಕ್ಕೆ ಹಾರಲು ನಾಲ್ಕೈದು ಸೆಕೆಂಡು ಸಿಕ್ಕರೂ ಅದು ಒಂದು ಜೀವದ ಬೆಲೆ. ಬುಲ್ಡೋಜರ್, ಎಕ್ಸ್‌ಕವೇಟರ್‌ಗಳಂಥ ರಸ್ತೆ ಕಟ್ಟುವ ಯಂತ್ರಗಳನ್ನು ದೇಶಕ್ಕೆ ಕೊಟ್ಟ ಬೆಮೆಲ್ ಕಾರ್ಖಾನೆ ಇರುವ ಊರು ನಮ್ಮದು. ಆ ಯಂತ್ರಗಳ ಪಕ್ಕದಲ್ಲಿ ನಿಲ್ಲುವ ಮನುಷ್ಯನ ರಕ್ಷಣೆಯಲ್ಲೂ ಈ ಊರು ಮುಂದಿರಲಿ ಎಂದು ಬಯಸುವುದು ನ್ಯಾಯ.

ಕಾನೂನಿನ ಬೆಂಬಲ ಇಲ್ಲದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆದರೆ ದಂಡ ಬರುವುದು ಸತ್ತ ಮೇಲೆ. ಸಾಯುವ ಮುಂಚೆ ಮಾಡಬೇಕಾದ ಕೆಲಸ ಟೆಂಡರಿನ ಕಾಗದದಲ್ಲಿದೆ. ಜಲ್ಲಿ ಎಷ್ಟು, ಟಾರು ಎಷ್ಟು, ಪೈಪು ಎಷ್ಟು ಮೀಟರ್ ಎಂದು ಪ್ರತಿಯೊಂದಕ್ಕೂ ದರ ನಮೂದಾಗಿರುತ್ತದೆ, ಅಳತೆ ಪುಸ್ತಕದಲ್ಲಿ ಬರೆದು ಬಿಲ್ಲು ಮಾಡುತ್ತಾರೆ. ಸುರಕ್ಷತೆಗೆ ಮಾತ್ರ ‘ಗುತ್ತಿಗೆದಾರನೇ ನೋಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲು ಬಿದ್ದರೆ ಅದು ಅವನ ಲಾಭದಿಂದ ಕಳೆಯುವ ಖರ್ಚಾಗುತ್ತದೆ. ಎಲ್ಲಕ್ಕಿಂತ ಕಡಿಮೆ ದರ ಕೂಗಿ ಕೆಲಸ ಹಿಡಿದವನು ಮೊದಲು ಉಳಿಸುವುದು ಅದನ್ನೇ. ಮುಳ್ಳಿನ ಕೊಂಬೆ ಪುಕ್ಕಟೆಯಾಗಿ ಸಿಗುತ್ತದೆಯಲ್ಲ.

ಹಾಗಾಗಿ ಕೇಳಬೇಕಾದದ್ದು ಇಷ್ಟು. ಲೋಕೋಪಯೋಗಿ ಇಲಾಖೆ, ಹೆದ್ದಾರಿ ಪ್ರಾಧಿಕಾರ, ನಗರಸಭೆ, ಯಾರೇ ಕೆಲಸ ಕೊಡಲಿ, ವೇಗದ ರಸ್ತೆಗಳ ಕಾಮಗಾರಿಯಲ್ಲಿ ಸಂಚಾರ ಸುರಕ್ಷತೆಗೆ ಪ್ರತ್ಯೇಕ ಬಾಬ್ತು ಇಡಲಿ. ಫಲಕ, ಕೋನು, ದೀಪ, ಒಯ್ಯಬಲ್ಲ ರಂಬಲ್ ಸ್ಟ್ರಿಪ್ ಇವುಗಳಿಗೆ ದಿನದ ಲೆಕ್ಕದಲ್ಲಿ ದರ ಗೊತ್ತುಮಾಡಲಿ. ಹಾಸಿದ ದಿನಕ್ಕೆ ದುಡ್ಡು, ಹಾಸದ ದಿನಕ್ಕೆ ಇಲ್ಲ ಎಂದಾದರೆ ಪಟ್ಟಿ ಗೋದಾಮಿನಲ್ಲಿ ಮಲಗುವುದಿಲ್ಲ. ಕೆಲಸ ಮುಗಿದ ಮೇಲೆ ಫಲಕ, ಮಣ್ಣಿನ ದಿಬ್ಬ ತೆಗೆದ ಫೋಟೊ ಕೊಡದೆ ಕೊನೆಯ ಬಿಲ್ಲು ಆಗಬಾರದು. ಸಣ್ಣ ಗುತ್ತಿಗೆದಾರರು ಪಟ್ಟಿ ಕೊಳ್ಳಲಾರರು ಎಂಬ ಮಾತೂ ನಿಜ. ತಾಲೂಕಿಗೆ ಒಂದೆರಡು ಗುಂಪು ಪಟ್ಟಿಗಳನ್ನು ಇಲಾಖೆಯೇ ಇಟ್ಟುಕೊಂಡು ಬಾಡಿಗೆಗೆ ಕೊಡಬಹುದು. ಒಂದು ಕೆಲಸ ಮುಗಿದರೆ ಇನ್ನೊಂದಕ್ಕೆ ಹೋಗುವ ವಸ್ತು ಅದು, ಪ್ರತಿ ರಸ್ತೆಗೂ ಹೊಸದಾಗಿ ಬಳಿಯುವ ಬಣ್ಣದ ಪಟ್ಟಿಯಂತಲ್ಲ.

ಪ್ರಯೋಗಕ್ಕೆ ಕೋಲಾರ ಜಿಲ್ಲೆ ಒಳ್ಳೆಯ ಜಾಗ. ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ಕೆಜಿಎಫ್‌ಗೆ ತನ್ನದೇ ಪೊಲೀಸ್ ಜಿಲ್ಲೆಯಿದೆ. ಬಂಗಾರಪೇಟೆ–ಕೆಜಿಎಫ್ ರಸ್ತೆ, ಬೇತಮಂಗಲದ ಕಡೆಯ ರಸ್ತೆ, ಎಕ್ಸ್‌ಪ್ರೆಸ್‌ವೇ ಇಳಿಯುವ ಜಾಗ, ಈ ಮೂರು ಕಡೆ ಮುಂದೆ ಕೆಲಸ ನಡೆದಾಗ ಪಟ್ಟಿ ಹಾಸುವ ಮೊದಲು ಒಂದು ವಾರ, ಹಾಸಿದ ಮೇಲೆ ಒಂದು ವಾರ ವಾಹನಗಳ ವೇಗ ಅಳೆಯಲಿ. ಎಷ್ಟು ಜನ ಅಂಚಿಗೆ ಇಳಿದು ತಪ್ಪಿಸಿಕೊಂಡರು, ಎಷ್ಟು ಜನ ನಿಜವಾಗಿ ಬ್ರೇಕು ಹಿಡಿದರು ಎಂದು ಎಣಿಸಲಿ. ಬೈಕಿನವರನ್ನೂ ಕೂಲಿಯವರನ್ನೂ ಕೇಳಲಿ. ಆ ಲೆಕ್ಕವನ್ನು ಜನರ ಮುಂದೆ ಇಟ್ಟು, ನಮ್ಮ ರಸ್ತೆಗೆ ಒಗ್ಗುವ ಎತ್ತರ, ಅಂತರ, ಅಗಲ ಯಾವುದು ಎಂದು ತೀರ್ಮಾನಿಸಲಿ.

ಓದುಗರ ಕೈಯಲ್ಲೂ ಒಂದು ಕೆಲಸವಿದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಎಚ್ಚರಿಕೆಯಿಲ್ಲದ ಗುಂಡಿ ಕಂಡರೆ 1033ಕ್ಕೆ ಫೋನ್ ಮಾಡಿ. ಊರಿನ ರಸ್ತೆಯಾದರೆ ಸಂಬಂಧಪಟ್ಟ ಎಂಜಿನಿಯರ್ ಕಚೇರಿಗೆ ಜಾಗದ ಹೆಸರು, ದಿನಾಂಕ, ಫೋಟೊ ಸಮೇತ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. 198ಎ ಕಲಮು ಬಲ ಪಡೆಯುವುದು ಇಂಥ ಕಾಗದಗಳಿಂದ. ಹಾಗೆಯೇ ಕೆಲಸ ಮುಗಿದ ಮೇಲೂ ನಿಂತಿರುವ ಫಲಕದ ಬಗ್ಗೆಯೂ ದೂರು ಕೊಡಿ. ಅದು ಸಣ್ಣ ವಿಷಯವೆಂದು ಬಿಡಬೇಡಿ. ಇಲ್ಲದ ಅಪಾಯವನ್ನು ಸಾರುವ ಒಂದೊಂದು ಫಲಕವೂ ಇರುವ ಅಪಾಯವನ್ನು ಸಾರುವ ಫಲಕದ ಮಾತನ್ನು ಕೆಡಿಸುತ್ತದೆ. ಎಚ್ಚರಿಕೆಯನ್ನು ಕೆಲಸದ ಜೊತೆ ತರುವುದೂ ಕೆಲಸದ ಜೊತೆ ಒಯ್ಯುವುದೂ ಗುತ್ತಿಗೆಯ ಷರತ್ತಾಗಲಿ. ಅದನ್ನು ಮುಂದಿನ ಟೆಂಡರಿನಲ್ಲೇ ಬರೆಯಲು ಹೊಸ ಕಾನೂನು ಬೇಕಿಲ್ಲ, ಒಬ್ಬ ಅಧಿಕಾರಿಯ ಸಹಿ ಸಾಕು.